ಅರ್ಧ ಮಂಚದ ಸಿಸ್ಟರ್

ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮಂಚಕ್ಕಿಬ್ಬರು ರೋಗಿಗಳು. ಜೋಡಿ ಕೂಡಿಸುವವರು ನಮ್ಮ ಸಿಸ್ಟರ್. ಮದುವೆ ದಲ್ಲಾಳಿಗೂ ಇಷ್ಟು ತಲೆನೋವಿಲ್ಲ. ದಪ್ಪಗಿರುವವರ ಪಕ್ಕ ಸಣಕಲಿಯರು, ಗೊರಕೆಯವರ ಪಕ್ಕ ಕಿವುಡಿಯರು, ಒಬ್ಬರ ತಲೆಯ ಬಳಿ ಇನ್ನೊಬ್ಬರ ಕಾಲು. "ಅಜ್ಜೀ, ಸ್ವಲ್ಪ ಸರೀರಿ, ನಿಮಗೊಬ್ಳು ಮಗಳು ಬಂದಿದಾಳೆ!" "ಇವಳೂ ಒದೀತಾಳಾ? ಜ್ವರಕ್ಕೆ ಅಂತ ಬಂದೆ, ಸೊಂಟನೋವು ಇಲ್ಲೇ ಹಿಡೀತು ತಾಯಿ." ಮಂಚ ಕೇಳಿದರೆ ಸರ್ಕಾರ ಗೇಟಿಗೆ ಕಮಾನು ಕಟ್ಟಿಸಿತು. "ಅದರ ಮೇಲೂ ನಾಲ್ವರನ್ನ ಮಲಗಿಸ್ಬಹುದು, ಜಾರದಿದ್ರೆ" ಎನ್ನುತ್ತಾರೆ ಸಿಸ್ಟರ್. ಜೋಡಿಯಲ್ಲೊಬ್ಬರು ಬೆಳಗ್ಗೆ ಏಳದೇ ಹೋದ ದಿನವೂ ಅದೇ ನಗುಮುಖದಲ್ಲಿ, ಇನ್ನೂ ಕಣ್ಣು ಬಿಡುತ್ತಿರುವ ಇನ್ನೊಬ್ಬಳ ತೋಳು ಹಿಡಿದು, "ಬಾರಮ್ಮ, ಬಿಸಿಲಿಗೆ ಕೂರೋಣ" ಎಂದು ವರಾಂಡಕ್ಕೆ ಕರೆದೊಯ್ಯುತ್ತಾರೆ. ತಿರುಗಿ ಬರುವಷ್ಟರಲ್ಲಿ ಹಾಸಿಗೆ ಬದಲಾಗಿರುತ್ತದೆ. "ಅಜ್ಜಿ ಹೋದ್ರು. ನೀನು ಕಾಲು ಚಾಚ್ಕೋ" ಎಂದರೂ ಆಕೆ ಮಂಚದ ಅಂಚಿನಲ್ಲೇ ಮುದುಡಿ ಮಲಗುತ್ತಾಳೆ.