ಗೇಟಿಲ್ಲದ ಊರಿನ ಲೇಖಕರು ಗೇಟಿನಲ್ಲಿ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮ ವೈಟ್‌ಫೀಲ್ಡ್ ಅಪಾರ್ಟ್‌ಮೆಂಟಿನ ಓದುಗರ ಬಳಗದಲ್ಲಿ ಒಂದು ಕಾದಂಬರಿಯ ಚರ್ಚೆಯಿತ್ತು. ಶರಣರ ದಾಸೋಹಕ್ಕೆ ಗ್ರೀಕರ ತರ್ಕ ಬೆರೆಸಿ ಕಟ್ಟಿದ ಆದರ್ಶ ಊರಿನ ಕಥೆ. ಆ ಊರಿಗೆ ಗೇಟಿಲ್ಲ, ಕಾವಲಿಲ್ಲ. ಅಲ್ಲಿಯವರು ಕೈಯಲ್ಲಿದ್ದದ್ದನ್ನೆಲ್ಲ ಕೆಳಗಿಟ್ಟು ಮಾತಿಗೆ ಕೂರುತ್ತಾರೆ. ನಾವೂ ಹಾಗೇ ಮೊಬೈಲುಗಳನ್ನು ಸೈಲೆಂಟ್ ಮಾಡಿ ಬುಟ್ಟಿಗೆ ಹಾಕಿದೆವು.

ಅತ್ತಿಬೆಲೆಯಿಂದ ಬರಬೇಕಿದ್ದ ಲೇಖಕರು ಬರಲೇ ಇಲ್ಲ. ಟ್ರಾಫಿಕ್ ಇರಬೇಕೆಂದು ನಾವೇ ಶುರು ಮಾಡಿ, ಅಂಥ ಊರು ಖಂಡಿತ ಸಾಧ್ಯ ಎಂದು ಒಮ್ಮತಕ್ಕೆ ಬಂದೆವು.

ಆಮೇಲೆ ಬುಟ್ಟಿಯಿಂದ ಮೊಬೈಲ್ ತೆಗೆದರೆ ಎಲ್ಲದರಲ್ಲೂ ಸೆಕ್ಯುರಿಟಿಯವರ ಮಿಸ್ಡ್ ಕಾಲ್. ಓಡಿದೆ. ಲೇಖಕರು ಗೇಟಿನ ಹೊರಗೆ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು.

"ಗೇಟ್ ಆ್ಯಪಲ್ಲಿ ನಿಮ್ ಯಾರ್ದೂ ಅಪ್ರೂವಲ್ ಬರ್ಲಿಲ್ಲ ಮೇಡಂ, ಹೆಂಗ್ ಬಿಡ್ಲಿ?" ಎಂದರು ಸೆಕ್ಯುರಿಟಿ ಅಣ್ಣ.

ಲೇಖಕರು ಕೇಳಿದರು, "ಚರ್ಚೆ ಏನಾಯ್ತಮ್ಮ?"

"ನಿಮ್ಮ ಊರು ಸಾಧ್ಯ ಅಂತ ಎಲ್ಲರೂ ಒಪ್ಪಿದ್ವಿ ಸಾರ್."

"ಹೌದಾ? ನನಗೇ ಅಷ್ಟು ನಂಬಿಕೆ ಇರ್ಲಿಲ್ಲ."

ನಾನು ತಲೆ ತಗ್ಗಿಸಿ ಮೊಬೈಲಿನಲ್ಲಿ ಅಪ್ರೂವ್ ಒತ್ತಿದೆ. ಆಮೇಲೆಯೇ ಗೇಟು ತೆರೆದದ್ದು.