ಕಾರಹುಣ್ಣಿಮೆಯಲ್ಲಿ ಮಿಂದ ಕಾರು

ಲೋಕದ ಜನರೆಲ್ಲ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾರೆ. ಸವಣೂರಿನ ದಸ್ತಗೀರಸಾಬ ಮಾತ್ರ ಏಕ್, ತೀನ್, ಚಾರ್, ದೋ ಎಂದು ಎಣಿಸುತ್ತಿದ್ದ. ಸಂಗತಿ ಇಷ್ಟೇ. ಆದರೆ ಇಷ್ಟರಿಂದಲೇ ಅವನು ನಾಲ್ಕು ತಾಲೂಕಿಗೆ ಸಾಲುವಷ್ಟು ಪುರಾಣವಾಗಿಬಿಟ್ಟ. ತಡಸದ ಅಡವಿಯಲ್ಲಿ ಒಬ್ಬ ಫಕೀರ ಅವನ ಎಡಗಿವಿಯಲ್ಲಿ ಉಸುರಿದ ಮಂತ್ರವಿದು ಎಂದು ಹಾನಗಲ್ಲಿನವರು ಹೇಳಿದರು. ಶಿಗ್ಗಾವಿಯ ಜೋಯಿಸರೊಬ್ಬರು, ಇದು ಅಥರ್ವಣ ವೇದದ್ದೇ, ದಾರಿ ತಪ್ಪಿ ಉರ್ದುವಿನ ಓಣಿ ಹೊಕ್ಕಿದೆ ಎಂದು ತೀರ್ಪು ಕೊಟ್ಟರು. ಹಿರೇಕೆರೂರಿನ ಸಂತೆಯಲ್ಲಂತೂ, ಅವನು ಹಾಗೆ ನಾಲ್ಕು ಸಲ ಎಣಿಸಿದರೆ ಸತ್ತ ಎಮ್ಮೆ ಎದ್ದು ಹಾಲು ಕೊಡುತ್ತದೆ, ಐದನೆಯ ಸಲ ಎಣಿಸಿದರೆ ಕೊಟ್ಟ ಹಾಲನ್ನು ತಾನೇ ಕುಡಿಯುತ್ತದೆ ಎಂದು ಆಣೆಯಿಟ್ಟು ಹೇಳುವವರಿದ್ದರು. ಆ ಎಮ್ಮೆಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಅದು ಯಾವಾಗಲೂ ಹೇಳುವವನ ಮಾವನ ಊರಿನಲ್ಲಿ ಇರುತ್ತಿತ್ತು.

ನಿಜ ಸಂಗತಿ ಎಮ್ಮೆಗಿಂತ ಸಪ್ಪೆಯಾದದ್ದು. ಹುಡುಗನಾಗಿದ್ದಾಗ ದಸ್ತಗೀರಸಾಬ ಹುಬ್ಬಳ್ಳಿಯಲ್ಲಿ ನಬೀಸಾಬನೆಂಬ ಉಸ್ತಾದನ ಕೈಕೆಳಗೆ ಮೋಟಾರು ರಿಪೇರಿ ಕಲಿತ. ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಬೆಂಕಿಯ ಕಿಡಿ ಸಾಲಾಗಿ ಹೋಗುವುದಿಲ್ಲ. ಮೊದಲನೆಯದಕ್ಕೆ, ಆಮೇಲೆ ಮೂರನೆಯದಕ್ಕೆ, ನಾಲ್ಕನೆಯದಕ್ಕೆ, ಕಡೆಗೆ ಎರಡನೆಯದಕ್ಕೆ. ಈ ಸರತಿ ತಪ್ಪಿ ವೈರು ಸಿಕ್ಕಿಸಿದರೆ ಇಂಜಿನ್ ಓಡುವುದಿಲ್ಲ. ಸರತಿ ಮರೆತ ಶಿಷ್ಯನ ತಲೆಯ ಮೇಲೆ ಉಸ್ತಾದ ನಟ್ಟು ಬಿಗಿಯುವ ಪಾನಾದಿಂದ ನಾಲ್ಕು ಏಟು ಕೊಡುತ್ತಿದ್ದ, ಏಟುಗಳನ್ನೂ ಅದೇ ಸರತಿಯಲ್ಲಿ ಎಣಿಸುತ್ತಿದ್ದ. ಹೀಗೆ ತಲೆಗೆ ಇಳಿದ ವಿದ್ಯೆ ನಾಲಿಗೆಯಿಂದ ಹೋಗಲಿಲ್ಲ. ಕೋಳಿ ಎಣಿಸಿದರೂ ಹಾಗೇ, ರೊಟ್ಟಿ ಎಣಿಸಿದರೂ ಹಾಗೇ. ಮನಸ್ಸಿಗೆ ಕಳವಳವಾದರೆ ಎಣಿಸಲು ಏನೂ ಇಲ್ಲದಿದ್ದರೂ ತುಟಿ ಅಲ್ಲಾಡುತ್ತಿತ್ತು.

ಇಂಥ ದಸ್ತಗೀರಸಾಬ ಹಂಸಭಾವಿಯ ಶಂಕ್ರಪ್ಪ ಸಾವಕಾರನ ಕಾರಿಗೆ ಡ್ರೈವರನಾಗಿ ನಾಲ್ಕು ವರ್ಷವಾಗಿತ್ತು. ಸಾವಕಾರ ಹತ್ತಿಯ ವ್ಯಾಪಾರದವ, ಹೊಲಮನೆ ಉಳ್ಳವ. ಸುತ್ತಲಿನ ಹತ್ತು ಹಳ್ಳಿಯಲ್ಲಿ ಅವನದೊಂದೇ ಕಾರು. ಹತ್ತಿ ಕೂಡಿಡುವ ವಖಾರಿಗೆ ಅಂಟಿದ ಒಂದು ಖೋಲಿಯಲ್ಲಿ ದಸ್ತಗೀರಸಾಬ ಹೆಂಡತಿ ಮಾಬೂಬಿಯ ಜೊತೆ ಇದ್ದ. ಬಾಗಿಲಲ್ಲಿ ಅವಳು ನೆಟ್ಟ ನುಗ್ಗೆಗಿಡ ಆ ವರ್ಷವೇ ಮೊದಲ ಸಲ ಕಾಯಿ ಬಿಟ್ಟಿತ್ತು. ಊರಿನವರು ಅವನನ್ನು 'ಸಾವಕಾರರ ದಸ್ತಗೀರ' ಎನ್ನುತ್ತಿದ್ದರು. ಸವಣೂರಿನ ಹೆಸರು ಹಿಂದಕ್ಕೆ ಬಿದ್ದಿತ್ತು. ಅವನಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆ ಇತ್ತು.

ಸಾವಿರದ ಒಂಬೈನೂರ ಐವತ್ತೊಂಬತ್ತರ ಕಾರಹುಣ್ಣಿಮೆ ಬಂತು. ಎತ್ತುಗಳ ಹಬ್ಬ. ಎತ್ತಿನ ಮೈ ತೊಳೆದು, ಕೋಡಿಗೆ ಕೆಂಪು ಹುರಮಂಜು ಬಳಿದು, ಸಂಜೆ ಊರ ಅಗಸಿಯ ಬಾಗಿಲಿಗೆ ಕರಿಯೆಂಬ ಬೇವಿನ ಸೊಪ್ಪಿನ ಹಗ್ಗ ಕಟ್ಟಿ ಎತ್ತು ಓಡಿಸುತ್ತಾರೆ. ಮೊದಲು ಬಂದು ಹಗ್ಗ ಹರಿದ ಎತ್ತಿಗೆ ಕರಿ ಹರಿದ ಗೌರವ. ಬಿಳಿ ಎತ್ತು ಹರಿದರೆ ಬಿಳಿಜೋಳ ಹುಲುಸು, ಕೆಂದೆತ್ತು ಹರಿದರೆ ಕೆಂಪು ಕಾಳು ಹುಲುಸು. ಆ ವರ್ಷ ಶಂಕ್ರಪ್ಪ ಸಾವಕಾರ, "ಈ ಸಲ ಕರಿ ಹರಿಯೂದು ನಮ್ಮ ಕಾರು" ಎಂದು ಚಾವಡಿಯಲ್ಲಿ ಕೂತು ಸಾರಿಬಿಟ್ಟ.

"ಕಾರು ಕರ್ರಗ ಐತಲ್ರಿ ಸಾವಕಾರ್ರ. ಅದು ಹರದ್ರ ಏನ ಬೆಳೀತೈತ್ರಿ, ಗುರೆಳ್ಳೇನು?" ಎಂದು ನೀಲಪ್ಪನೆಂಬ ರೈತ ಕೇಳಿದ.

"ಪೆಟ್ರೋಲ್ ಬೆಳೀತತಿ, ಸುಮ್ನಿರಲೇ" ಎಂದ ಸಾವಕಾರ.

ಅದೇ ಹೊತ್ತಿಗೆ ದಸ್ತಗೀರಸಾಬ ಎರಡು ದಿನದ ರಜೆ ಕೇಳಿದ್ದ. ಹಾನಗಲ್ಲಿನಲ್ಲಿ ಅಕ್ಕನ ಮಗಳ ನಿಶ್ಚಯ. ಸಾವಕಾರ ಒಂದು ರಾತ್ರಿಗೆ ಮಾತ್ರ ಒಪ್ಪಿದ; ಹುಣ್ಣಿಮೆಯ ದಿನ ಮಧ್ಯಾಹ್ನದ ಬಸ್ಸಿಗೆ ಹಾಜರಿರಬೇಕು. ದಸ್ತಗೀರಸಾಬನ ಮುಖ ಸಣ್ಣದಾದದ್ದನ್ನು ಚಾವಡಿಯಲ್ಲಿದ್ದ ಎಲ್ಲರೂ ನೋಡಿದರು. ಹೊರಡುವಾಗ ಅವನು ಎತ್ತು ನೋಡಿಕೊಳ್ಳುವ ಹುಚ್ಚಪ್ಪನನ್ನು ಕರೆದು, "ಒಣ ಅರಿವಿಲೆ ಒರಸಪಾ. ಬಾನೆಟ್ ತಗೀಬ್ಯಾಡ, ನೀರ ಮುಟ್ಟಸಬ್ಯಾಡ" ಎಂದು ಎರಡೆರಡು ಸಲ ಹೇಳಿ ಹೋದ.

ಹುಚ್ಚಪ್ಪ ಪಾಪ, ಹಾಗೇ ಮಾಡುತ್ತಿದ್ದ. ಆದರೆ ಸಾವಕಾರನ ತಾಯಿ ಫಕ್ಕೀರವ್ವ ಬೆಳಿಗ್ಗೆ ಅಂಗಳಕ್ಕೆ ಬಂದಳು. ಎಪ್ಪತ್ತು ದಾಟಿದ ಮುದುಕಿ. ಅವಳ ಮಾತಿಗೆ ಆ ಮನೆಯಲ್ಲಿ ಕಂಬಗಳೂ ತಲೆದೂಗುತ್ತಿದ್ದವು.

"ಏನ್ಲೇ ಇದು, ಹಬ್ಬದ ದಿನ ಒಣಾ ಒರಸಾಕತ್ತೀಯಲ್ಲ?"

"ಡ್ರೈವರ್ ನೀರ ಹಾಕಬ್ಯಾಡ ಅಂದಾನ್ರಿ, ಅವ್ವಾರ."

"ಕಾರಹುಣ್ಣಿಮಿ ಅಂತ ಹೆಸರ ಐತಿ. ಕಾರಿಗೆ ಅಲ್ಲದ ಮತ್ತ ಯಾರಿಗಲೇ ಅದು? ಎತ್ತಿನ ಹುಣ್ಣಿಮಿ ಅಂತ ಯಾವ ಪಂಚಾಂಗದಾಗ ಬರದತಿ, ತೋರಸು ನೋಡೋಣು!"

ಪಂಚಾಂಗ ಓದಲು ಬಾರದ ಹುಚ್ಚಪ್ಪ ಸೋತ. ಬಾವಿಯಿಂದ ಕೊಡಗಟ್ಟಲೆ ನೀರು ಬಂತು. ಮೇಲಿನ ಟಪ್ಪು ತೊಳೆದ, ಗಾಲಿ ತಿಕ್ಕಿದ. ಕೋಡು ಕಾಣದೆ ಕಂಗಾಲಾದಾಗ ಫಕ್ಕೀರವ್ವನೇ ದಾರಿ ತೋರಿದಳು. ಎರಡೂ ದೀಪಗಳ ಸುತ್ತ ಹುರಮಂಜು ಬಳಿದ. ಆಮೇಲೆ ಮುದುಕಿ ಕೋಲಿನಿಂದ ಬಾನೆಟ್ಟಿಗೆ ತಟ್ಟಿ, "ಬಾಯಿ ತಗಸಲೇ. ಎತ್ತಿನ ಬಾಯಿ ತೊಳಿಯೂದಿಲ್ಲೇನು?" ಎಂದಳು. ಬಾಯಿ ತೆರೆಯಿತು. ಹನ್ನೆರಡು ಕೊಡ ನೀರು ಇಂಜಿನ್ನಿನ ತಲೆಯ ಮೇಲೆ ರುದ್ರಾಭಿಷೇಕದಂತೆ ಇಳಿಯಿತು. ಕಡೆಗೆ ಒಂದು ಹೋಳಿಗೆಯನ್ನೂ ಇಟ್ಟರು. ಇಂಜಿನ್ ತಿನ್ನಲಿಲ್ಲ, ಹುಚ್ಚಪ್ಪ ತಿಂದ.

ಮಧ್ಯಾಹ್ನ ದಸ್ತಗೀರಸಾಬ ಬಸ್ಸಿಳಿದು ಬರುವಾಗ ಕಾರು ಹೊಸ ಮದುಮಗಳಂತೆ ನಿಂತು ನೀರು ತೊಟ್ಟಿಕ್ಕಿಸುತ್ತಿತ್ತು. ಅವನು ಓಡಿಬಂದು ಚಾಲೂ ಮಾಡಿದ. ಇಂಜಿನ್ ಎದ್ದಿತು, ಆದರೆ ಉಬ್ಬಸದ ಮುದುಕನ ಹಾಗೆ ಕೆಮ್ಮಿತು, ಮಾರಿ ಹೊಕ್ಕವರ ಹಾಗೆ ಗಡಗಡ ನಡುಗಿತು, ಹಿಂದಿನ ಕೊಳವೆಯಿಂದ ಒಮ್ಮೆ ಢಂ ಎಂದಿತು, ಸತ್ತಿತು.

ಅಗಸಿಯಲ್ಲಿ ಹಲಗೆ ಬಾರಿಸುವ ಸದ್ದು ಶುರುವಾಗಿತ್ತು. ಜರಿಯ ರುಮಾಲು ಸುತ್ತಿಕೊಂಡು ಬಂದ ಸಾವಕಾರ ಕಾರನ್ನು ನೋಡಿದ, ಡ್ರೈವರನನ್ನು ನೋಡಿದ.

"ನಿನ್ನೆ ಚಲೋ ಇತ್ತಲ್ಲ?"

"ನೀರ ಒಳಗ ಹೋಗೇತ್ರಿ, ಸಾವಕಾರ್ರ."

"ಮೂವತ್ತ ವರ್ಷ ಆತು, ಎತ್ತ ತೊಳ್ಯಾಕತ್ತೇವಿ. ಮೈ ತೊಳದದ್ದಕ್ಕ ಒಂದಾರ ಎತ್ತು ಸತ್ತತೇನು? ರಜಾ ಕೊಡಲಿಲ್ಲಂತ ಏನರ ಮಾಡಿ ಹೋಗೀದಿ ನೀ."

ದಸ್ತಗೀರಸಾಬ ಹುಚ್ಚಪ್ಪನ ಕಡೆ ತಿರುಗಿದ. "ಹೇಳೋ ಹುಚ್ಚಪ್ಪ, ಬಾನೆಟ್ಟಿನಾಗ ಎಷ್ಟ ಕೊಡ ಹಾಕಿದಿ?"

ಹುಚ್ಚಪ್ಪ ಫಕ್ಕೀರವ್ವನನ್ನು ನೋಡಿದ. ಅವಳ ಕೋಲನ್ನು ನೋಡಿದ. ತನ್ನ ಕಾಲಿನ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದ. "ನಾ ಮ್ಯಾಲಮ್ಯಾಲ ಅಷ್ಟ ಸವರಿದ್ನಿ" ಎಂದ. ಅವನ ಮೀಸೆಯಲ್ಲಿ ಇನ್ನೂ ಹೋಳಿಗೆಯ ಹೂರಣವಿತ್ತು.

"ಕರಿ ಹರಿಯೂದರಾಗ ಗಾಡಿ ಓಡಬೇಕು" ಎಂದ ಸಾವಕಾರ. "ಓಡಲಿಲ್ಲಂದ್ರ ಉಂಡ ಮನಿಗೆ ಎರಡ ಬಗದವ ಅಂತ ಊರ ಮುಂದ ನಿಂದರಿಸಿ ಹೊರಗ ಹಾಕ್ತೇನಿ."

ಈಗ ಓಡಬೇಕಾದದ್ದು ಕಾರೊಂದೇ ಅಲ್ಲ, ನಾಲ್ಕು ವರ್ಷದಲ್ಲಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕಿದ ಹಾಗೆ ತಿಕ್ಕಿ ಬೆಳಗಿಸಿದ ಹೆಸರು. ದಸ್ತಗೀರಸಾಬ ತೋಳು ಮಡಿಸಿದ. ತುಟಿ ಅಲ್ಲಾಡತೊಡಗಿತು: ಏಕ್, ತೀನ್, ಚಾರ್, ದೋ.

ಮತ್ತೊಮ್ಮೆ ಚಾಲೂ ಮಾಡಿದ. ಇಂಜಿನ್ ನಡುಗುತ್ತಿರುವಾಗಲೇ ಮರದ ಹಿಡಿಯ ಸ್ಕ್ರೂಡ್ರೈವರ್ ಒತ್ತಿ ಒಂದೊಂದೇ ಪ್ಲಗ್ಗಿನ ಕಿಡಿ ನಿಲ್ಲಿಸಿ ನೋಡಿದ. ಒಂದನೆಯದರ ಕಿಡಿ ನಿಲ್ಲಿಸಿದರೆ ಇಂಜಿನ್ ಇನ್ನಷ್ಟು ಕುಗ್ಗಿತು. ಅಂದರೆ ಅದು ದುಡಿಯುತ್ತಿದೆ. ಮೂರನೆಯದರ ಕಿಡಿ ನಿಲ್ಲಿಸಿದರೆ ಏನೂ ಆಗಲಿಲ್ಲ. ಅಂದರೆ ಅದು ಮೊದಲೇ ಸತ್ತಿದೆ. ನಾಲ್ಕನೆಯದು ದುಡಿಯುತ್ತಿತ್ತು. ಎರಡನೆಯದು ಸತ್ತಿತ್ತು. ಪ್ಲಗ್ಗು ಕೂತ ಕುಳಿಗಳಲ್ಲಿ ನೀರು ನಿಂತಿತ್ತು. ನಾಲ್ಕನ್ನೂ ಬಿಚ್ಚಿ ಮಾಬೂಬಿಯ ಕೈಗೆ ಕೊಟ್ಟ. ಅವಳು ರೊಟ್ಟಿ ಬೇಯಿಸುತ್ತಿದ್ದ ಹಂಚನ್ನು ಖಾಲಿ ಮಾಡಿ ಅದರ ಮೇಲೆ ಪ್ಲಗ್ಗುಗಳನ್ನು ಸಾಲಾಗಿ ಇಟ್ಟು, ಸುಡುವ ತನಕ ಹೊರಳಿಸಿದಳು. ವಖಾರಿಯ ಗೋಡೆಯಾಚೆ ಹಣಿಕಿದವರಿಗೆ ಅದೇನು ಕಂಡಿತೋ! ಕ್ಷಣದಲ್ಲಿ ಸುದ್ದಿ ಅಗಸಿ ಮುಟ್ಟಿತು: ದಸ್ತಗೀರನ ಹೆಂಡತಿ ಒಲೆಯ ಮೇಲೆ ಕಬ್ಬಿಣದ ಬೆರಳು ಹುರಿಯುತ್ತಿದ್ದಾಳೆ.

ಅಷ್ಟರಲ್ಲಿ ಇವನು ನಾಲ್ಕು ಪ್ಲಗ್ಗಿಗೆ ಕಿಡಿ ಹಂಚುವ ಡಬ್ಬಿಯ ಮುಚ್ಚಳ ತೆಗೆದ. ಅಲ್ಲಿತ್ತು ಕಳ್ಳ! ಮುಚ್ಚಳದ ಒಳಮೈಯೆಲ್ಲ ಬೆವತಂತೆ ಹನಿಹನಿ. ಕಿಡಿ ಪ್ಲಗ್ಗಿನ ದಾರಿ ಬಿಟ್ಟು ಹನಿಗಳ ಮೇಲೆ ಹಾದು ಎಲ್ಲೆಲ್ಲೋ ಸೋರಿಹೋಗುತ್ತಿತ್ತು. ತಲೆಗೆ ಸುತ್ತಿದ ಒಣ ವಸ್ತ್ರ ಬಿಚ್ಚಿ ಒರೆಸಿದ. ಬಟ್ಟೆ ಮುಟ್ಟದ ಸಂದಿಗಳಿಗೆ ಬಾಯಿಟ್ಟು ಊದಿದ. ವೈರುಗಳನ್ನು ಒಂದೊಂದೇ ಒರೆಸಿದ, ಬಿಸಿ ಪ್ಲಗ್ಗು ಕೂಡಿಸಿದ. ಏಕ್, ತೀನ್, ಚಾರ್, ದೋ. ಇಂಜಿನ್ ಒಂದೇ ಸಲಕ್ಕೆ ಎದ್ದು, ತುಪ್ಪ ಕುಡಿದವರ ದನಿಯಲ್ಲಿ ಗುನುಗಿತು.

ಆ ಸಂಜೆಯ ವೈಭವವನ್ನು ಏನೆಂದು ವರ್ಣಿಸಲಿ! ಹುರಮಂಜು ಬಳಿದ ಕಣ್ಣುಗಳ ಕರಿಯ ಕಾರು ಹಾರನ್ ಬಾರಿಸುತ್ತ ಅಗಸಿಗೆ ನುಗ್ಗಿತು. ಆ ಸದ್ದಿಗೆ ಬೆದರಿದ ಎತ್ತುಗಳು ಒಂದು ಹೊಲಕ್ಕೆ, ಒಂದು ಹಳ್ಳಕ್ಕೆ, ಒಂದು ಯಾರದೋ ಅಡಿಗೆಮನೆಗೆ ಓಡಿದವು. ಎದುರಾಳಿಯೇ ಇಲ್ಲದ ರಣರಂಗದಲ್ಲಿ ಶಂಕ್ರಪ್ಪ ಸಾವಕಾರ ಕರಿ ಹರಿದ. ಹಿಂದಿನ ಸೀಟಿನಲ್ಲಿ ಎದ್ದು ನಿಂತು ಕೈಬೀಸಿದ, ಟಪ್ಪಿಗೆ ತಲೆ ಬಡಿದುಕೊಂಡು ಕೂತ. ದಸ್ತಗೀರಸಾಬ ಬೆವರು ಒರೆಸಿಕೊಂಡು, ಹೆಸರು ಉಳಿಯಿತು ಎಂದುಕೊಂಡ.

ಎಲ್ಲಿ ಉಳಿಯಿತು? ಮರುದಿನ ಬೆಳಿಗ್ಗೆ ಫಕ್ಕೀರವ್ವ ಅಂಗಳದಲ್ಲಿ ನ್ಯಾಯ ಬಿಚ್ಚಿದಳು. ಫಕೀರನ ಹೆಸರನ್ನೇ ಹೊತ್ತ ಮುದುಕಿ, ಪೀರನ ಹೆಸರು ಹೊತ್ತ ದಸ್ತಗೀರಸಾಬನ ಕಡೆ ಕೋಲು ತೋರಿಸಿ, "ತುಟಿ ಪಿಟಿಪಿಟಿ ಅನಿಸಿದ. ಬಾಯಿಟ್ಟ ಊದಿದ. ಮನಿಯಾಗ ಕಬ್ಬಣ ಹುರಿಸಿದ. ಗಳಿಗ್ಯಾಗ ಗಾಡಿ ಎದ್ದಿತು. ಗಂಟ ಹಾಕಿದವಗ ಅಲ್ಲದ ಬಿಚ್ಚೂದು ಮತ್ತ ಯಾರಿಗೆ ಗೊತ್ತಿರತತಿ?" ಎಂದಳು.

"ಅದು ಸರತಿ ರೀ ಅವ್ವಾರ, ಕಿಡಿ ಹೋಗೂ ಸರತಿ" ಎಂದ ದಸ್ತಗೀರಸಾಬ.

"ಒಂದ ಆದಮ್ಯಾಲ ಮೂರ ಎಣಸವ್ರನ್ನ ಎಲ್ಲಿ ಕಂಡಿಯಪಾ? ಎರಡ ಏನ ಪಾಪ ಮಾಡಿತ್ತು?"

ನೆರೆದವರು ನಕ್ಕರು. ಸಾವಕಾರನೂ ನಕ್ಕ, ಆಮೇಲೆ ನಗು ನಿಲ್ಲಿಸಿ ಖೋಲಿ ಖಾಲಿ ಮಾಡಲು ಹೇಳಿದ. ಕಾರು ಓಡದಿದ್ದರೆ ದ್ರೋಹಿ, ಓಡಿದರೆ ಮಾಟಗಾರ. ಇಂಥ ತಕ್ಕಡಿಯಲ್ಲಿ ಯಾವ ಕಡೆ ಕೂತರೂ ತೂಕ ಒಂದೇ. ದಸ್ತಗೀರಸಾಬ ಕೊನೆಯ ಸಲ ಹುಚ್ಚಪ್ಪನ ಮುಖ ನೋಡಿದ. ಹುಚ್ಚಪ್ಪ ಎತ್ತಿನ ಬಾಲದಲ್ಲಿ ಇಲ್ಲದ ಉಣ್ಣೆಹುಳ ಹುಡುಕುತ್ತಿದ್ದ. ಮಾಬೂಬಿ ಹಂಚನ್ನು ಮಸಿಯ ಸಮೇತ ಚೀಲಕ್ಕೆ ಹಾಕಿದಳು. ನುಗ್ಗೆಗಿಡವನ್ನು ಒಯ್ಯುವಂತಿರಲಿಲ್ಲ.

ಪುರಾಣ ಬೆಳೆದದ್ದು ಆಮೇಲೆ. ಡ್ರೈವರ ಹೋದ, ಮಂತ್ರ ಉಳಿಯಿತು. ಯಾವ ಮಾಲಕನೂ ಅವನ ಕೈಗೆ ಗಾಡಿ ಕೊಡಲಿಲ್ಲ. ಮಕ್ಕಳ ಜ್ವರ ಬಿಡಿಸಲು ಮಾತ್ರ ಕರೆದರು, ಅವನು ಹೋಗಲಿಲ್ಲ. ಕಡೆಗೆ ಯಲವಿಗಿಯಲ್ಲಿ ಸ್ಟೇಶನ್ನಿನ ಹತ್ತಿರದ ಹಿಟ್ಟಿನ ಗಿರಣಿಯವನು, ಮಂತ್ರಕ್ಕೆ ಹೆದರದಷ್ಟು ಕಿವುಡನಾಗಿದ್ದರಿಂದ, ಅವನನ್ನು ಇಟ್ಟುಕೊಂಡ.

ಮೂರು ವರ್ಷದ ಮೇಲೆ ಶಂಕ್ರಪ್ಪ ಸಾವಕಾರ ರೈಲು ಹಿಡಿಯಲು ಯಲವಿಗಿಗೆ ಬಂದ, ಎತ್ತಿನ ಬಂಡಿಯಲ್ಲಿ. ಅಷ್ಟರಲ್ಲಿ ಐದು ಮಂದಿ ಡ್ರೈವರರು ಬದಲಾಗಿದ್ದರು. ಪ್ರತಿ ಹಬ್ಬದ ಜಳಕದ ನಂತರ ಕಾರು ಕೆಮ್ಮಿ ನಿಲ್ಲುತ್ತಿತ್ತು, ಪ್ರತಿ ಸಲವೂ ಒಬ್ಬ ಡ್ರೈವರ ಮಾಟಗಾರನೆಂದು ಸಿಕ್ಕಿಬೀಳುತ್ತಿದ್ದ. ಸಾವಕಾರ ನೇರ ಗಿರಣಿಯ ಬಾಗಿಲಿಗೆ ಬಂದು ನಿಂತ. ಒಳಗೆ ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡ ದಸ್ತಗೀರಸಾಬ ಗಿರಣಿಯ ಗಾಲಿಯ ಪಟ್ಟಾ ಬಿಗಿಮಾಡುತ್ತಿದ್ದ. ಜೋಳದ ಬುಟ್ಟಿ ಹಿಡಿದು ನಿಂತ ಹೆಂಗಸರು ದೊಡ್ಡ ಮನುಷ್ಯನಿಗೆ ದಾರಿ ಬಿಟ್ಟು, ಕಿವಿಯನ್ನು ಮಾತ್ರ ಅಲ್ಲೇ ಬಿಟ್ಟರು.

"ದಸ್ತಗೀರ, ಆದದ್ದ ಆಗಿ ಹೋತು" ಎಂದ ಸಾವಕಾರ, ಕೊಡುಗೈ ದೊರೆಯ ಗತ್ತಿನಲ್ಲಿ. "ನಿನ್ನ ತಪ್ಪ ಎಲ್ಲಾ ಹೊಟ್ಟಿಗೆ ಹಾಕ್ಕೊಂಡೇನಿ. ಕ್ಷಮಾ ಮಾಡೇನಿ. ಅವ್ವನೂ ಕ್ಷಮಾ ಮಾಡ್ಯಾಳ. ಖೋಲಿ ಹಂಗ ಐತಿ. ಬಾ, ಗಾಡಿ ನಡಸು. ಹಿಂತಾ ದೊಡ್ಡ ಕಾರ ಬಿಟ್ಟು ಈ ಒಡಕ ಗಿರಣ್ಯಾಗ ಏನ ಸುಖ ಐತೋ ನಿನಗ?"

ಈಗ ಶಾಪ ಕೊಡುತ್ತಾನೋ, ಬುಟ್ಟಿಯ ಜೋಳವೆಲ್ಲ ಹಾವಾಗುತ್ತದೋ ಎಂದು ಹೆಂಗಸರಲ್ಲಿ ಒಬ್ಬಿಬ್ಬರು ಹಿಂದೆ ಸರಿದರು. ದಸ್ತಗೀರಸಾಬ ಕೈ ಒರೆಸಿಕೊಂಡು ಗಿರಣಿಯ ಮೇಲಿಟ್ಟ.

"ಇದನ್ನ ಯಾರೂ ತೊಳಿಯೂದಿಲ್ರಿ" ಎಂದ.