ಯಂತ್ರಕ್ಕೆ ಕೊಟ್ಟ ರಜೆ

ಮಿಕ್ಸಿ ರಿಪೇರಿಗೆಂದು ಮೊನ್ನೆ ದಾವಣಗೆರೆಯ ಪಿ.ಜೆ. ಬಡಾವಣೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಮೇಜಿನ ಮೇಲೆ ಹಾಳಾದ ರಿಮೋಟುಗಳ ನಡುವೆ, ಅಂಗೈ ಅಗಲದ ಬೂದು ಬಣ್ಣದ ಒಂದು ಪ್ಲಾಸ್ಟಿಕ್ ಡಬ್ಬಿ ಬಿದ್ದಿತ್ತು. ಹಳೆಯ ಕಾಲದ ಟಿ.ವಿ. ಆಟದ ಕ್ಯಾಸೆಟ್ಟು. ಕೈಗೆತ್ತಿಕೊಂಡೆ.

"ಏನ್ ಅಜ್ಜಾರ, ಈಗ ಆಡಾಕ ಶುರು ಮಾಡ್ತೀರೇನು?" ಎಂದು ಅಂಗಡಿಯವನು ನಕ್ಕ.

"ಆಡಿ ಮುಗ್ಸೀನಪ್ಪ" ಎಂದೆ. ಅವನು ನಂಬಲಿಲ್ಲ.

ಆ ಆಟ ಆಡುತ್ತಿದ್ದ ಕಾಲಕ್ಕೆ ನಾನು ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಪಕ್ಕದ ಮನೆಯಲ್ಲಿ ನಿವೃತ್ತ ಟೀಚರ್ ಒಬ್ಬರೇ ಇದ್ದರು. ದುಬೈಯಲ್ಲಿದ್ದ ಅವರ ತಮ್ಮ ಒಮ್ಮೆ ಬಂದಾಗ ಟಿ.ವಿ.ಗೆ ಜೋಡಿಸುವ ಆಟದ ಪೆಟ್ಟಿಗೆ ಕೊಟ್ಟು ಹೋಗಿದ್ದ. ಈ ವಯಸ್ಸಿಗೆ ಇದೇನು ಎಂದು ಓಣಿಯವರು ನಕ್ಕರೆ ಟೀಚರ್, "ನೀವು ಇಸ್ಪೀಟ್ ಆಡ್ತೀರಿ, ನಾ ಟಿ.ವಿ. ಒಳಗಿನ ಮಂತ್ರವಾದಿ ಜೋಡಿ ಆಡ್ತೀನಿ. ತಪ್ಪೇನ್ರಿ?" ಎನ್ನುತ್ತಿದ್ದರು.

ಆ ಆಟದಲ್ಲಿ ಮಂತ್ರವಾದಿಯೊಬ್ಬ ಒಂದು ರಾಜ್ಯದ ಬೆಳಕನ್ನೆಲ್ಲ ಕದ್ದು ಗೋಪುರದಲ್ಲಿ ಬಚ್ಚಿಟ್ಟಿದ್ದ. ಅದನ್ನು ಬಿಡಿಸಿ ತರಲು ಕುರಿ ಕಾಯುವ ಹುಡುಗಿಯೊಬ್ಬಳು ಹೊರಟಿದ್ದಳು. ದಾರಿಯಲ್ಲಿ ಗವಿಗಳು, ಜೌಗು, ಮಾತಾಡುವ ಮರಗಳು. ಬೀಗಕ್ಕೆ ಕೀಲಿ ಬೇಕು, ಕೀಲಿ ಬೇಕಾದರೆ ಮುದುಕಿಯೊಬ್ಬಳ ಒಗಟು ಬಿಡಿಸಬೇಕು. ಸತ್ತರೆ ಎಷ್ಟೋ ಹಿಂದಕ್ಕೆ ಹೋಗಿ ಬೀಳಬೇಕು. ಬಾವಿಕಟ್ಟೆಗಳ ಹತ್ತಿರ ನಿಂತಾಗ ಮಾತ್ರ ಅಲ್ಲಿಯವರೆಗಿನ ಆಟ ಉಳಿಯುತ್ತಿತ್ತು. ಪರದೆಯ ಮೇಲಿನ ಇಂಗ್ಲಿಷು ಎಸ್ಸೆಸ್ಸೆಲ್ಸಿ ಓದಿದ ನನಗೆ ತಿಳಿಯುತ್ತಿರಲಿಲ್ಲ. ಟೀಚರ್ ಓದಿ ನಮ್ಮ ಮಾತಿಗೆ ತಿರುಗಿಸುತ್ತಿದ್ದರು. ಅವರ ಬಾಯಲ್ಲಿ ಮಂತ್ರವಾದಿ, "ಹೋಗ್ ಹೋಗು, ಮೊದ್ಲು ನಿನ್ನ ಕುರಿ ಎಣಿಸ್ಕೋ" ಎಂದು ಗದರುತ್ತಿದ್ದ. ಕೆಲಸ ಮುಗಿಸಿ ಬಂದವನು ಆ ಕಥೆಗಾಗಿಯೇ ಹೋಗಿ ಕೂರುತ್ತಿದ್ದೆ.

ಟೀಚರ ದೃಷ್ಟಿ ದಿನದಿಂದ ದಿನಕ್ಕೆ ಮಂಜಾಗುತ್ತಿತ್ತು. ಹೋದದ್ದು ಮರಳಿ ಬರುವುದಿಲ್ಲವೆಂದು ದಾವಣಗೆರೆಯ ಡಾಕ್ಟರು ಹೇಳಿಬಿಟ್ಟಿದ್ದರು. "ಕಣ್ಣು ಇರೋದ್ರೊಳಗೆ ಆ ಬೆಳಕು ಹೊರಗೆ ಬರೋದು ನೋಡ್ಬೇಕ್ರಿ" ಎನ್ನುತ್ತಿದ್ದರು. ದಸರೆಯ ಹೊತ್ತಿಗೆ ಗೋಪುರದ ಬಾಗಿಲವರೆಗೂ ಬಂದಿದ್ದರು...

ಆಯುಧಪೂಜೆಯ ದಿನ ಅವರ ಹೊಲಿಗೆ ಯಂತ್ರ ಒರೆಸಿಕೊಡಲು ಹೋದೆ. ಟೀಚರ್ ಅಡುಗೆಮನೆಯಲ್ಲಿದ್ದರು. ಆಟದ ಪೆಟ್ಟಿಗೆಯೂ ಯಂತ್ರವೇ ಅಲ್ಲವೇ ಎಂದು ಅದನ್ನೂ ಪೂಜೆಗಿಟ್ಟೆ. ನಮ್ಮ ಕಾರ್ಖಾನೆಯಲ್ಲಿ ಆ ದಿನ ಮೇನ್ ಸ್ವಿಚ್ಚನ್ನೇ ತೆಗೆದುಬಿಡುತ್ತಿದ್ದೆವು. ಪೂಜೆಗಿಟ್ಟ ಯಂತ್ರದೊಳಗೆ ಕರೆಂಟು ಇರಬಾರದು, ಅದಕ್ಕೂ ಒಂದು ದಿನ ರಜೆ ಬೇಕು ಎಂಬುದು ನಮ್ಮ ಪದ್ಧತಿ. ಪೆಟ್ಟಿಗೆಗೆ ಸಿಕ್ಕಿಸಿದ್ದ ಆಟದ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿದರೆ ಒಳಗೆ ಗುಂಡಿಯಂಥ ಸೆಲ್ ಕಂಡಿತು. ಭಕ್ತಿಯಿಂದಲೇ ತೆಗೆದಿಟ್ಟೆ. ವಿಭೂತಿ ಎಳೆದು ಹೂವೇರಿಸಿದೆ. ಮರುದಿನ ಬೆಳಿಗ್ಗೆ ಹೋಗಿ ಮೊದಲಿದ್ದಂತೆಯೇ ಕೂರಿಸಿದೆ. ಇದರಲ್ಲಿ ಹೇಳುವಂಥದ್ದೇನಿದೆ ಎಂದು ಟೀಚರಿಗೆ ಹೇಳಲಿಲ್ಲ.

ಸಂಜೆ ಬನ್ನಿ ಕೊಟ್ಟು ಕೂತೆ. ಟೀಚರ್ ಆಟ ಹಾಕಿದರು. ಹುಡುಗಿ ತನ್ನ ಗುಡಿಸಲ ಮುಂದೆ, ಬರಿಗೈಯಲ್ಲಿ, ಇನ್ನೂ ಊರು ಬಿಡದವಳಂತೆ ನಿಂತಿದ್ದಳು.

ಆಟದ ನೆನಪೆಲ್ಲ ಆ ಸೆಲ್ಲಿನಿಂದ ಉಳಿದಿತ್ತೆಂದು ನನಗೆ ತಕ್ಷಣ ಹೊಳೆಯಿತು. ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಮೆಲ್ಲಗೆ, "ನಾನೇ ಅಳಿಸಿಬಿಟ್ಟೆ ಕಾಣ್ತೈತ್ರಿ. ಮೊನ್ನೆ ಅಕ್ಷರ ಸರಿ ಕಾಣ್ಲಿಲ್ಲ..." ಎಂದರು.

"ಇರಬೋದ್ರಿ" ಎಂದೆ ನಾನು.

ಅಂದಿನಿಂದ ಅವರಿಗೆ ತಮ್ಮ ಕೈಯ ಮೇಲೆಯೇ ನಂಬಿಕೆ ಹೋಯಿತು. ಹೊಲಿಗೆ ನಿಂತಿತು. ಒಲೆ ಆರಿಸಿದೆನೋ ಇಲ್ಲವೋ ಎಂದು ಎದ್ದೆದ್ದು ನೋಡುತ್ತಿದ್ದರು. ಸಂತೆಗೆ ಒಬ್ಬರೇ ಹೋಗುವುದನ್ನು ಬಿಟ್ಟರು. ನಾನು ನೋಡುತ್ತಿದ್ದೆ, ಸುಮ್ಮನಿದ್ದೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮನೆಯ ಕೀಲಿಕೈ ತಂದು ನನ್ನ ಕೈಗಿಟ್ಟರು.

"ನಿಮ್ಮ ಹತ್ರ ಇರ್ಲಿ. ಮನಿ ಮಾರಾಕ ತಮ್ಮಗೆ ಹೇಳೀನಿ. ತಂಗಿ ಮನೆ ಹಿಂದಿನ ಕೋಣ್ಯಾಗೆ ಇರ್ತೀನಿ. ಆಟದ ಗುಂಡಿನೇ ಸರಿ ಒತ್ತಾಕ ಬರ್ದಾಕಿ, ಒಬ್ಳೇ ಹೆಂಗೆ ಬಾಳ್ವೆ ಮಾಡ್ಲಿ?"

ಆಗ ಮಾತು ತಾನಾಗಿಯೇ ಹೊರಬಿತ್ತು. "ಟೀಚರ್, ಅಳಿಸಿದ್ದು ನೀವಲ್ರಿ. ಅದರಾಗಿನ ಸೆಲ್ ತೆಗ್ದಿದ್ದು ನಾನು."

ಅವರು ಅಲ್ಲೇ ಕಟ್ಟೆಯ ಮೇಲೆ ಕೂತರು. ಆಮೇಲೆ, "ಯಾಕ ತೆಗೆದ್ರಿ?" ಎಂದರು.

"ಪೂಜೆ ದಿನ... ಯಂತ್ರಕ್ಕೆ ರಜಾ ಕೊಡೋಣಂತ."

"ಹಂಗಾರೆ ನನ್ನ ಕೈ ತಪ್ಪಿರ್ಲಿಲ್ಲ?"

"ಇಲ್ರಿ."

"ಇನ್ನೊಂದ್ಸಲ ಹೇಳ್ರಿ."

ಹೇಳಿದೆ. ಅವರು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಿಟ್ಟು ಬಂದದ್ದು ಅದಾದ ಮೇಲೆ. "ಇಷ್ಟು ದಿನ ಬಾಯಿಗೂ ರಜಾ ಕೊಟ್ಟಿದ್ರೇನು ಫಿಟ್ಟರ್ ಸಾಹೇಬ್ರು? ಕೊಡ್ರಿ ಇತ್ಲಾಗೆ ಕೀಲಿಕೈ!"

ಮೂರು ದಿನ ನನ್ನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ ಗೋಡೆಯಾಚೆಯಿಂದಲೇ ಕರೆದರು: "ಬರ್ರಿ, ಕೂಡ್ರಿ. ಕುರಿ ಕಾಯೋಕಿ ಕಾಯ್ತಾಳೆ."

ಮತ್ತೆ ಮೊದಲಿನಿಂದ ಆಡಿದೆವು. ಕೈ ಅವರದು, ಕಣ್ಣು ನನ್ನದು. ಎಡಕ್ಕೆ ಹಳ್ಳವಿದೆ ಎಂದರೆ, "ಗೊತ್ತೈತೆ, ಹೆದರಿಸಬ್ಯಾಡ್ರಿ" ಎಂದು ಗದರುತ್ತಿದ್ದರು. ಗವಿಗಳ ತಿರುವುಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಬೇಸಿಗೆಯ ಬಿಸಿಲು ಏರುವ ಕಾಲಕ್ಕೆ, ಎಷ್ಟೋ ಸಲ ಸತ್ತು ಹುಟ್ಟಿದ ಮೇಲೆ, ಗೋಪುರ ತೆರೆಯಿತು. ಪರದೆಯೆಲ್ಲ ಹಳದಿಯಾಗಿ ಉಕ್ಕಿತು. ಹೇಳಲು ಅವರ ಕಡೆ ತಿರುಗಿದೆ. ಅವರು ಕೈಯೆತ್ತಿ ತಡೆದರು.

"ಸುಮ್ನಿರ್ರಿ. ಕಾಣ್ತೈತೆ."

ಟೀಚರ್ ತೀರಿಕೊಂಡು ವರ್ಷಗಳಾದವು. ದೃಷ್ಟಿ ಪೂರ್ತಿ ಹೋದ ಮೇಲೂ ಕೊನೆಯವರೆಗೆ ಅದೇ ಮನೆಯಲ್ಲಿ, ತಮ್ಮ ಅಡುಗೆ ತಾವೇ ಮಾಡಿಕೊಂಡು ಇದ್ದರು. ನಾನೀಗ ದಾವಣಗೆರೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ದಸರೆಯಿಂದ ಸಂಕ್ರಾಂತಿಯವರೆಗೆ ಒಂದು ಸುಳ್ಳಿನಿಂದ ಅವರನ್ನು ಕುಗ್ಗಿಸಿದೆ. ಆ ದಿನಗಳನ್ನು ಮರಳಿ ಕೊಡಲು ನನ್ನಿಂದಾಗಲಿಲ್ಲ. ಆದರೆ ಅವರಿದ್ದಾಗಲೇ, ಅವರ ಮುಖ ನೋಡಿಯೇ ಹೇಳಿದೆ. ಅದನ್ನು ನೆನೆದಾಗಲೆಲ್ಲ ಎದೆ ಹಗುರಾಗುತ್ತದೆ. ಬೈಯುವವರು ಮಾತ್ರ ಈಗ ಯಾರೂ ಇಲ್ಲ...